ತೊಂದರೆ, ಅವಸರ, ಸ್ಪೀಡ್: ನಾರಾಯಣಖೇಡದ ಗಡಿಯಲ್ಲಿ ವೇಗವಾಚಕ ಪದಗಳ ಚರಿತ್ರೆ

ತೆಲುಗಿನಲ್ಲಿ ‘ತೊಂದರ ಲೇದು’ ಎಂದರೆ ಆತುರವೇನೂ ಇಲ್ಲ ಎಂದರ್ಥ. ಕನ್ನಡದಲ್ಲಿ ‘ತೊಂದರೆ ಇಲ್ಲ’ ಎಂದರೆ ಅಡ್ಡಿಯಿಲ್ಲ, ಕಷ್ಟವಿಲ್ಲ ಎಂದರ್ಥ. ಎರಡೂ ಮಾತುಗಳು ಒಂದೇ ಸಂದರ್ಭದಲ್ಲಿ, ಒಂದೇ ಸೌಜನ್ಯದ ಧ್ವನಿಯಲ್ಲಿ ಬರಬಲ್ಲವು. ಆಗ ಅರ್ಥ ಬೇರೆಯೆಂಬುದೇ ತಿಳಿಯದೆ ಸಂಭಾಷಣೆ ಮುಂದುವರಿಯಬಹುದು. ಬಿರುಕು ಕಾಣಿಸುವುದು ‘ತೊಂದರಗಾ ರಾ’ ಎಂಬಂತಹ ಮಾತಿನಲ್ಲಿ. ತೆಲುಗರಿಗೆ ಅದು ‘ಬೇಗ ಬಾ’. ತೆಲುಗು ಅರಿಯದ ಕನ್ನಡಿಗನಿಗೆ ಅದು ತೊಂದರೆಯನ್ನು ಹೊತ್ತುಕೊಂಡು ಬಾ ಎಂದಂತೆ. ನಾರಾಯಣಖೇಡ್, ಜಹೀರಾಬಾದ್, ತಾಂಡೂರುಗಳಂತಹ ಎಡೆಗಳಲ್ಲಿ, ಕನ್ನಡವೂ ತೆಲುಗೂ ಒಂದೇ ಬೀದಿಯ ಭಾಷೆಗಳಾಗಿರುವಲ್ಲಿ, ಈ ಎರಡು ಅರ್ಥಗಳು ಒಂದೇ ನಾಲಗೆಯ ಮೇಲೆ ಕೂಡಿ ಬಾಳಬೇಕಾಗುತ್ತದೆ.

ಗಡಿಯ ಕನ್ನಡದಲ್ಲಿ ಇಂತಹ ಪದಗಳು ನೆರೆಭಾಷೆಯ ಅರ್ಥದ ಕಡೆಗೆ ಜಾರಿದರೆ ಅದನ್ನು ಬೆರಕೆ, ಅಶುದ್ಧಿ, ಅಪಪ್ರಯೋಗ ಎಂದು ಗುರುತಿಸುವ ವಾಡಿಕೆ ಶಾಲೆಗಳಲ್ಲೂ ವಿದ್ವತ್ತಿನಲ್ಲೂ ಹಳೆಯದು. ಆ ತೀರ್ಪು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಪರೀಕ್ಷಿಸಲು, ಯಾರೂ ಅಶುದ್ಧವೆನ್ನದ ದೂರದ ಭಾಷೆಯೊಂದರ ಪದವನ್ನು ಮೊದಲು ಕೈಗೆತ್ತಿಕೊಳ್ಳುವುದು ಲೇಸು. ಇಂಗ್ಲಿಷಿನ ‘ಸ್ಪೀಡ್’ ಅಂತಹ ಪದ.

ಹಳೆಯ ಇಂಗ್ಲಿಷಿನಲ್ಲಿ, ಅಂದರೆ ಸುಮಾರು 1100ಕ್ಕಿಂತ ಹಿಂದಿನ ಭಾಷೆಯಲ್ಲಿ, ಈ ಪದದ ರೂಪ ‘ಸ್ಪೇಡ್’. ಅದರ ಮುಖ್ಯಾರ್ಥ ಯಶಸ್ಸು, ಏಳಿಗೆ, ಸಮೃದ್ಧಿ, ಸಂಪತ್ತು. ಅದರಿಂದ ಸಾಧಿತವಾದ ‘ಸ್ಪೇಡಿಗ್’ ಎಂಬ ಗುಣವಾಚಕಕ್ಕೆ ಸಿರಿವಂತ ಎಂದರ್ಥ, ಓಡುವವನು ಎಂದಲ್ಲ. ವೇಗದ ಅರ್ಥ ಆ ಕಾಲದಲ್ಲಿ ಇಣುಕುವುದು ಹೆಚ್ಚಾಗಿ ‘ಸ್ಪೇಡುಮ್’ ಎಂಬ ಒಂದು ವಿಭಕ್ತಿರೂಪದಲ್ಲಿ. ‘ಯಶಸ್ಸಿನಿಂದ’ ಎಂಬರ್ಥದ ಈ ಬಹುವಚನ ರೂಪ ಕ್ರಿಯಾವಿಶೇಷಣವಾಗಿ ಬಳಕೆಯಾಗುತ್ತ ‘ಬೇಗನೆ’ ಎಂಬುದರ ಕಡೆಗೆ ವಾಲಿತು. ಮುಂದಿನ ಶತಮಾನಗಳಲ್ಲಿ ವಾಲಿದ್ದೇ ನಿಂತಿತು, ಮೊದಲಿನ ಅರ್ಥ ಮರೆಗೆ ಸರಿಯಿತು.

ಮರೆಗೆ ಸರಿದ ಅರ್ಥ ಪೂರ್ತಿ ಅಳಿಯಲಿಲ್ಲ. ಪ್ರಯಾಣಕ್ಕೆ ಹೊರಟವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ ‘ಗಾಡ್‌ಸ್ಪೀಡ್’ ಎಂಬ ಹಾರೈಕೆಯನ್ನು ಇಂದಿನ ಅನೇಕರು ‘ದೇವರ ವೇಗದಲ್ಲಿ ಹೋಗು’ ಎಂದು ಗ್ರಹಿಸುತ್ತಾರೆ. ಅದು ‘ದೇವರು ನಿನಗೆ ಯಶಸ್ಸು ಕೊಡಲಿ’ ಎಂಬ ಪೂರ್ಣ ವಾಕ್ಯದ ಕುಗ್ಗಿದ ರೂಪ. ಅಲ್ಲಿ ‘ಸ್ಪೀಡ್’ ಕ್ರಿಯಾಪದ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಮಧ್ಯಯುಗದ ಇಂಗ್ಲೆಂಡಿನ ರೈತರ ಹಾರೈಕೆಯಲ್ಲಿದೆ. ಅದು ಪದಶಃ ‘ದೇವರು ನೇಗಿಲನ್ನು ಸ್ಪೀಡ್ ಮಾಡಲಿ’ ಎಂದು. ನೇಗಿಲು ಬಿರುಸಾಗಿ ಓಡಲಿ ಎಂದು ಯಾವ ರೈತನೂ ಬೇಡುವುದಿಲ್ಲ. ಉಳುಮೆ ಕೈಗೂಡಲಿ, ಬೆಳೆ ಏಳಿಗೆಯಾಗಲಿ ಎಂಬುದು ಅದರ ಆಶಯ. ಜನವರಿ 6ರ ಎಪಿಫನಿ ಹಬ್ಬ ಕಳೆದ ಮೇಲಿನ ಮೊದಲ ಸೋಮವಾರವನ್ನು ಅಲ್ಲಿ ‘ನೇಗಿಲ ಸೋಮವಾರ’ವೆಂದು ಆಚರಿಸುತ್ತಿದ್ದರು, ಹಳ್ಳಿಗರು ನೇಗಿಲನ್ನು ಬೀದಿಯಲ್ಲಿ ಎಳೆದೊಯ್ಯುತ್ತಿದ್ದರು. ಹೆಚ್ಚುಕಡಿಮೆ ಅದೇ ದಿನಮಾನದಲ್ಲಿ ಬೀದರ್–ಕಲಬುರಗಿ ಸೀಮೆಯ ರೈತರು ಎಳ್ಳಮಾವಾಸ್ಯೆಗೆಂದು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಅಲ್ಲಿ ಉಳುಮೆಗೆ ಮುಂಚಿನ ಹಾರೈಕೆ, ಇಲ್ಲಿ ಹೊಲದಲ್ಲಿ ನಿಂತ ಬೆಳೆಗೆ ಹಾರೈಕೆ. ಬೇಡುವ ವಸ್ತು ಒಂದೇ.

ಹಳೆಯ ಅರ್ಥ ಉಳಿದಿರುವ ಇನ್ನೊಂದು ಕಡೆ ಗಾದೆ. ‘ಹೇಸ್ಟ್ ಹೆಚ್ಚಿದಷ್ಟೂ ಸ್ಪೀಡ್ ಕಡಿಮೆ’ ಎಂಬ ಇಂಗ್ಲಿಷ್ ಗಾದೆ ಇಂದಿನ ಕಿವಿಗೆ ವಿರೋಧಾಭಾಸದಂತೆ ಕೇಳಿಸುತ್ತದೆ, ಅದರ ಚಮತ್ಕಾರವೇ ಅಲ್ಲಿದೆ ಎಂದು ಅನೇಕರು ತಿಳಿಯುತ್ತಾರೆ. ಗಾದೆ ಹುಟ್ಟಿದಾಗ ಅದರಲ್ಲಿ ಚಮತ್ಕಾರವೇನೂ ಇರಲಿಲ್ಲ. ಆತುರ ಹೆಚ್ಚಿದಷ್ಟೂ ಕೆಲಸ ಕೈಗೂಡುವುದು ಕಡಿಮೆ ಎಂಬ ನೇರವಾದ ಮಾತು ಅದು. ಒಂದು ಪದದ ಅರ್ಥ ಬದಲಾದದ್ದರಿಂದ ಸರಳ ವಾಕ್ಯವೊಂದು ಒಗಟಾಯಿತು.

ಇದು ಇಂಗ್ಲಿಷಿನೊಂದರ ವಿಲಕ್ಷಣವೂ ಅಲ್ಲ. ಡಚ್ ಭಾಷೆಯಲ್ಲಿ ಇದೇ ಪದದ ಸೋದರರೂಪಕ್ಕೆ ತ್ವರೆ ಎಂಬರ್ಥವಿದೆ. ಜರ್ಮನಿನಲ್ಲಿ ಇದೇ ಮೂಲದ ಕ್ರಿಯಾಪದಕ್ಕೆ ಆತುರಪಡು ಎಂದರ್ಥ. ರಷ್ಯನ್ ಇನ್ನೂ ಸ್ವಾರಸ್ಯಕರ: ಅಲ್ಲಿ ಯಶಸ್ಸಿಗೆ ‘ಉಸ್ಪೆಖ್’, ಅವಸರಪಡುವುದಕ್ಕೆ ‘ಸ್ಪೆಶಿತ್’. ಎರಡೂ ಒಂದೇ ಧಾತುವಿನ ಮಕ್ಕಳು, ಎರಡೂ ಇಂದಿಗೂ ಜೀವಂತ. ಭರವಸೆ ಎಂಬರ್ಥದ ಲ್ಯಾಟಿನ್ ಪದವೊಂದೂ ಇದೇ ಕುಲದ್ದು. ಈ ಕುಲದ ಪೂರ್ವದ ಶಾಖೆ ಸಂಸ್ಕೃತದಲ್ಲಿದೆ. ‘ಸ್ಫಾಯ್’ ಎಂದರೆ ಬೆಳೆ, ಉಬ್ಬು, ಪುಷ್ಟವಾಗು. ಅದರಿಂದ ‘ಸ್ಫೀತ’, ಎಂದರೆ ಸಮೃದ್ಧ, ತುಂಬಿಕೊಂಡ. ಹಿಂದಿಯವರು ಹಣದುಬ್ಬರವನ್ನು ‘ಮುದ್ರಾಸ್ಫೀತಿ’ ಎನ್ನುವಾಗ ಬಳಸುವ ಪದವೂ ಇದೇ. ಸಂಸ್ಕೃತದ ಶಾಖೆ ಬೆಳವಣಿಗೆಯ ಅರ್ಥದಲ್ಲೇ ನಿಂತಿತು, ಯುರೋಪಿನ ಶಾಖೆಗಳಲ್ಲಿ ಹಲವು ಹೊರಟು ಓಡತೊಡಗಿದವು.

ಯಶಸ್ಸು ವೇಗವಾಗುವ ದಾರಿ ಗಡಿನಾಡಿನ ರೈತರಿಗೆ ಅಪರಿಚಿತವೇನಲ್ಲ. ಕನ್ನಡದಲ್ಲಿ ‘ಸಾಗು’ ಎಂದರೆ ಮುಂದೆ ಹೋಗು. ‘ಕೆಲಸ ಸಾಗಿತು’ ಎಂದರೆ ಕೆಲಸ ಕೈಗೂಡುತ್ತ ನಡೆಯಿತು. ‘ಸಾಗುವಳಿ’ ಎಂದರೆ ಬೇಸಾಯ. ತೆಲುಗಿನಲ್ಲೂ ‘ಸಾಗು’ ಎಂದರೆ ಮುಂದುವರಿ, ನಾಮಪದವಾಗಿ ಅದೇ ‘ಸಾಗು’ ಎಂದರೆ ಬೇಸಾಯ. ಚಲನೆ, ಕಾರ್ಯಸಿದ್ಧಿ, ಬೆಳೆ ಮೂರನ್ನೂ ಒಂದೇ ಪದದ ಹಗ್ಗದಲ್ಲಿ ಕಟ್ಟಿದ ಭಾಷೆಗಳಿವು. ನೇಗಿಲಿಗೆ ‘ಸ್ಪೀಡ್’ ಕೋರಿದ ಇಂಗ್ಲಿಷ್ ರೈತನ ಮಾತನ್ನು ಅನುವಾದಿಸಬೇಕಾದರೆ ‘ಸಾಗಲಿ’ ಎಂಬುದಕ್ಕಿಂತ ಹತ್ತಿರದ ಪದ ಬೇರೆ ಸಿಗಲಾರದು.

ಈ ಸೀಮೆಯ ಚರಿತ್ರೆಯನ್ನು ಇಲ್ಲಿ ಸ್ವಲ್ಪ ನೆನೆಯಬೇಕು, ಏಕೆಂದರೆ ಪದಗಳ ನೆರೆಹೊರೆಯನ್ನು ನಿರ್ಣಯಿಸಿದ್ದು ಅದೇ. ಕವಿರಾಜಮಾರ್ಗ ಕನ್ನಡನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ್ದೆಂದು ವರ್ಣಿಸಿದ ಕಾಲದಲ್ಲಿ ಮಂಜೀರಾ ನದಿಯ ಈ ಬಯಲು ಆ ಹರವಿನ ಒಳಗೇ ಇತ್ತು. ನಾರಾಯಣಖೇಡದ ‘ಖೇಡ’ವೂ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಮಳಖೇಡದ ‘ಖೇಡ’ವೂ ಒಂದೇ; ಎರಡೂ ಹಳ್ಳಿ ಎಂಬರ್ಥದ ಸಂಸ್ಕೃತದ ‘ಖೇಟ’. ಹತ್ತನೆಯ ಶತಮಾನದಲ್ಲಿ ಪಂಪನ ತಮ್ಮ ಜಿನವಲ್ಲಭ ಇಂದಿನ ಕರೀಂನಗರದ ಕಡೆಯ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಬರೆಸಿದ್ದಾನೆ. ಎರಡು ದ್ರಾವಿಡ ಭಾಷೆಗಳು ಒಂದೇ ಕಲ್ಲಿನ ಮೇಲೆ ಕುಳಿತದ್ದು ಈ ಪ್ರದೇಶಕ್ಕೆ ಹೊಸತಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿಗಳು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದಾಗ ಫಾರ್ಸಿ ಇಲ್ಲಿನ ಕಚೇರಿಭಾಷೆಯಾಗಿತ್ತು, ದಖನಿ ಪೇಟೆಭಾಷೆಯಾಗಿ ಬೆಳೆಯಿತು. ನಿಜಾಮರ ಆಡಳಿತದಲ್ಲಿ 1880ರ ದಶಕದಲ್ಲಿ ಫಾರ್ಸಿಯ ಜಾಗಕ್ಕೆ ಉರ್ದು ಬಂದಿತು. ಪಶ್ಚಿಮದಿಂದ ಮರಾಠಿ ಯಾವಾಗಲೂ ಮಗ್ಗುಲಲ್ಲೇ ಇತ್ತು.

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಬೀದರ್ ಜಿಲ್ಲೆಯ ನಾರಾಯಣಖೇಡ್ ತಾಲ್ಲೂಕು, ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್, ನಿರ್ಣಾ ಸರ್ಕಲ್ ಒಂದನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲ್ಲೂಕು, ಹಾಗೂ ಗುಲಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ಅವು ತೆಲಂಗಾಣದ ಭಾಗವಾದವು. ನಿರ್ಣಾ ಮೈಸೂರಿಗೆ ಉಳಿದು ಇಂದು ಕರ್ನಾಟಕದಲ್ಲಿದೆ. ತಾಲ್ಲೂಕಿಗೂ ಸಣ್ಣದಾದ ಕಂದಾಯ ಸರ್ಕಲ್ಲಿನ ಮಟ್ಟಕ್ಕೆ ಇಳಿದು ಎಳೆದ ಗೆರೆ ಇದು. ಮಾತಿನ ಗೆರೆ ಹಾಗೆ ಸರ್ಕಲ್ಲುಗಳನ್ನು ಎಣಿಸಿ ನಡೆಯುವುದಿಲ್ಲ.

ಆ ಗೆರೆಯ ಎರಡು ಕಡೆ ‘ಅವಸರ’ ಎಂಬ ಪದಕ್ಕೆ ಏನಾಗಿದೆ ನೋಡಬಹುದು. ಸಂಸ್ಕೃತದಲ್ಲಿ ಅದರ ಅರ್ಥ ಸಂದರ್ಭ, ತಕ್ಕ ಸಮಯ, ಅವಕಾಶ. ಹಿಂದಿಯಲ್ಲೂ ಮಲಯಾಳಂನಲ್ಲೂ ಅದು ಅವಕಾಶವಾಗಿಯೇ ಉಳಿದಿದೆ. ಕನ್ನಡದಲ್ಲೂ ತಮಿಳಿನಲ್ಲೂ ಆತುರವಾಗಿದೆ. ತೆಲುಗಿನಲ್ಲಿ ಅಗತ್ಯವಾಗಿದೆ. ‘ನಾಕು ಅವಸರಂ’ ಎಂದರೆ ತೆಲುಗಿನಲ್ಲಿ ‘ನನಗೆ ಬೇಕಾಗಿದೆ’. ‘ನನಗೆ ಅವಸರ’ ಎಂದರೆ ಕನ್ನಡದಲ್ಲಿ ‘ನನಗೆ ಹೊತ್ತಿಲ್ಲ’. ತೆಲುಗಿನ ‘ನಿತ್ಯಾವಸರ ವಸ್ತುಗಳು’ ದಿನಬಳಕೆಗೆ ಬೇಕಾದ ಸಾಮಾನುಗಳು. ಕನ್ನಡದ ಅರ್ಥವನ್ನು ಹಚ್ಚಿದರೆ ನಿತ್ಯವೂ ಆತುರಪಡುವ ವಸ್ತುಗಳಾದಾವು. 1975ರ ಜೂನ್ 25ರ ಘೋಷಣೆಯನ್ನು ಕನ್ನಡ ಪತ್ರಿಕೆಗಳು ‘ತುರ್ತು ಪರಿಸ್ಥಿತಿ’ ಎಂದು ಕರೆದರೆ ತೆಲುಗಿನಲ್ಲಿ ಅದು ‘ಅತ್ಯವಸರ ಪರಿಸ್ಥಿತಿ’. ಆಸ್ಪತ್ರೆಗಳ ಫಲಕಗಳಲ್ಲೂ ಹಾಗೆಯೇ: ನಿರ್ಣಾದ ಕಡೆ ‘ತುರ್ತು ಚಿಕಿತ್ಸೆ’, ಜಹೀರಾಬಾದಿನ ಕಡೆ ‘ಅತ್ಯವಸರ’.

ಅವಕಾಶ, ಆತುರ, ಅಗತ್ಯ ಎಂಬ ಮೂರು ಅರ್ಥಗಳು ದೂರವೆಂದು ತೋರಿದರೂ ನಡುವೆ ಇರುವುದು ಒಂದೊಂದೇ ಹೆಜ್ಜೆ. ತಕ್ಕ ಸಮಯ ಬೇಗ ಕಳೆದುಹೋಗುತ್ತದೆ, ಆದ್ದರಿಂದ ಆತುರ. ತಕ್ಕ ಸಮಯದಲ್ಲಿ ಮಾಡದೆ ತೀರದು, ಆದ್ದರಿಂದ ಅಗತ್ಯ. ಇದನ್ನು ಊಹೆಯೆಂದು ತಳ್ಳಿಹಾಕದಂತೆ ಕಾಯುವ ಪದವೊಂದು ಕನ್ನಡದಲ್ಲೇ ಇದೆ, ‘ಜರೂರು’. ಅರಬ್ಬೀ ಮೂಲದ ಈ ಪದ ಉರ್ದುವಿನಲ್ಲಿ ಅಗತ್ಯವನ್ನು, ಖಂಡಿತ ಎಂಬುದನ್ನು ಹೇಳುತ್ತದೆ. ‘ಜರೂರತ್’ ಎಂದರೆ ಬೇಕಾದದ್ದು. ಕನ್ನಡಕ್ಕೆ ಬಂದಾಗ ‘ಜರೂರು ಕೆಲಸ’ ಕೂಡಲೇ ಆಗಬೇಕಾದ ಕೆಲಸವಾಯಿತು. ಅಂದರೆ ತೆಲುಗು ‘ಅವಸರ’ವನ್ನು ಅಗತ್ಯದ ಕಡೆಗೆ ನಡೆಸಿಕೊಂಡು ಹೋದರೆ, ಕನ್ನಡ ‘ಜರೂರ’ನ್ನು ಅಗತ್ಯದಿಂದ ಆತುರದ ಕಡೆಗೆ ನಡೆಸಿಕೊಂಡು ಬಂದಿದೆ. ಒಂದೇ ದಾರಿಯಲ್ಲಿ ಎದುರುಬದುರಾಗಿ ನಡೆದ ಎರಡು ಪದಗಳು, ಸಂಧಿಸಿದ್ದು ಇದೇ ಸೀಮೆಯಲ್ಲಿ. ‘ತುರ್ತು’ ಎಂಬುದರ ಕಥೆ ಇಷ್ಟು ತಿರುವುಗಳದ್ದಲ್ಲ: ಸಂಸ್ಕೃತದ ‘ತ್ವರಿತ’ ಮರಾಠಿಯ ‘ತುರ್ತ’ದ ನೆರೆಯಲ್ಲಿ ಪಡೆದ ರೂಪ ಅದು, ವೇ‌ಗದ ಅರ್ಥವನ್ನು ಎಲ್ಲೂ ಬಿಟ್ಟುಕೊಟ್ಟಿಲ್ಲ.

ಈಗ ‘ತೊಂದರೆ’ಗೆ ಮರಳಬಹುದು. ತಮಿಳು, ಮಲಯಾಳಂಗಳ ‘ತೊಂದರವು’ ಕಾಟ, ಉಪದ್ರವ. ಕನ್ನಡದ ‘ತೊಂದರೆ’ ಕಷ್ಟ, ಅಡಚಣೆ. ತೆಲುಗಿನ ‘ತೊಂದರ’ ಮಾತ್ರ ಆತುರ. ಆದರೆ ತೆಲುಗಿನ ‘ತೊಂದರಪೆಟ್ಟು’ ಎಂಬ ಕ್ರಿಯಾಪದವನ್ನು ಗಮನಿಸಿದರೆ ದೂರ ಕಡಿಮೆಯಾಗುತ್ತದೆ. ಅದರ ಅರ್ಥ ಬೇಗ ಮಾಡೆಂದು ಒತ್ತಾಯಿಸು, ಬೆನ್ನುಹತ್ತು. ಬೆನ್ನುಹತ್ತಿಸಿಕೊಂಡವನ ಕಡೆಯಿಂದ ನೋಡಿದರೆ ಅದು ನೇರವಾಗಿ ತೊಂದರೆಯೇ. ಒಂದು ಭಾಷೆ ಒತ್ತಡ ಹೇರುವವನ ಕಡೆ ನಿಂತು ಪದವನ್ನು ಬಳಸಿತು, ಉಳಿದವು ಒತ್ತಡಕ್ಕೆ ಸಿಕ್ಕವನ ಕಡೆ ನಿಂತವು ಎಂದು ಹೇಳಬಹುದು. ಇಂಗ್ಲಿಷ್ ಗಾದೆಯ ‘ಹೇಸ್ಟ್’ ಇಲ್ಲಿ ಒಳ್ಳೆಯ ಸಾಕ್ಷಿ. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಆ ಪದದ ಬೇರು ಜರ್ಮಾನಿಕ್. ಗಾಥಿಕ್ ಭಾಷೆಯಲ್ಲಿ ಅದರ ಸೋದರಪದಕ್ಕೆ ಕಲಹ ಎಂದರ್ಥ, ಹಳೆಯ ಇಂಗ್ಲಿಷಿನಲ್ಲಿ ಹಿಂಸೆ ಎಂದರ್ಥ. ಕಲಹ ಆತುರವಾಯಿತು. ‘ಗಡಬಡ’ವೂ ಇದೇ ಜಾತಿಯದು: ಹಿಂದಿಯ ‘ಗಡ್‌ಬಡ್’ ಗೊಂದಲ, ತೆಲುಗಿನ ‘ಗಡಬಿಡ’ ಗದ್ದಲ, ಉತ್ತರ ಕರ್ನಾಟಕದ ಕನ್ನಡದ ‘ಗಡಬಡಿ’ ಅವಸರ. ‘ಗಡಬಡಿಯೊಳಗ ಮರೆತೆ’ ಎನ್ನುವ ಬೀದರಿನ ಹೆಂಗಸಿನ ಮಾತಿನಲ್ಲಿ ಎರಡು ಅರ್ಥಗಳೂ ಇವೆ, ಬೇರ್ಪಡಿಸುವ ಅಗತ್ಯ ಅವಳಿಗೆ ಬಿದ್ದಿಲ್ಲ.

ಗಟ್ಟಿತನದಿಂದ ವೇಗಕ್ಕೆ ಬಂದ ಪದಗಳ ಗುಂಪು ಇನ್ನೊಂದಿದೆ. ಇಂಗ್ಲಿಷಿನ ‘ಫಾಸ್ಟ್’ ಮೂಲತಃ ಬಿಗಿ, ಸ್ಥಿರ, ಅಲುಗದ್ದು. ಕಟ್ಟಿ ಬಿಗಿಯುವುದನ್ನು ಹೇಳುವ ‘ಫಾಸನ್’, ಉಪವಾಸವೆಂಬರ್ಥದ ‘ಫಾಸ್ಟ್’ ಎರಡೂ ಇದರ ಒಡಹುಟ್ಟುಗಳು. ಬಿಗಿಯಾಗಿ, ಬಲವಾಗಿ ಓಡಿದ ಎಂಬ ಪ್ರಯೋಗದಿಂದ ಬಲ ಉದುರಿ ಓಟ ಉಳಿಯಿತು. ಅಲುಗದ್ದು ಎಂಬ ಪದ ಅತಿಯಾಗಿ ಅಲುಗುವುದಕ್ಕೆ ಹೆಸರಾದದ್ದು ಅಚ್ಚರಿಯೆನಿಸಿದರೆ, ಕನ್ನಡದ ‘ಕಡುಪು’ ಕಡೆಗೆ ನೋಡಬೇಕು. ‘ಕಡು’ ಎಂದರೆ ಗಟ್ಟಿ, ತೀವ್ರ. ಹಳಗನ್ನಡದ ‘ಕಡುಪು’ ಆವೇಶವೂ ಹೌದು, ವೇಗವೂ ಹೌದು. (ತೆಲುಗಿನಲ್ಲಿ ‘ಕಡುಪು’ ಹೊಟ್ಟೆ, ಅದು ಬೇರೆಯೇ ಪದ.) ‘ಬಿರು’ವಿನಿಂದ ‘ಬಿರುಸು’, ಬಲವೆಂಬರ್ಥದ ಫಾರ್ಸಿಯ ‘ಜೋರ್’ನಿಂದ ‘ಜೋರಾಗಿ ಓಡು’. ಹರಿತದಿಂದ ಬಂದವುಗಳೂ ಇವೆ: ಫಾರ್ಸಿಯ ‘ತೇಜ್’ ಕತ್ತಿಗೂ ಮೆಣಸಿನಕಾಯಿಗೂ ಕುದುರೆಗೂ ಸಲ್ಲುತ್ತದೆ; ಕನ್ನಡದ ‘ಚುರುಕು’ ಸುಡುವ ಬಿಸಿಗೂ ಕೆಲಸದ ಹುರುಪಿಗೂ ಸಲ್ಲುತ್ತದೆ. ಹಗುರದಿಂದ ಬಂದದ್ದು ‘ಲಗೂನ’. ಸಂಸ್ಕೃತದ ‘ಲಘು’ ತದ್ಭವವಾಗಿ ‘ಲಗು’, ಅದರಿಂದ ‘ಲಗುಬಗೆ’. ಹಗುರ ಎಂಬರ್ಥದ ಇಂಗ್ಲಿಷಿನ ‘ಲೈಟ್’ ಈ ‘ಲಘು’ವಿನ ದೂರದ ದಾಯಾದಿ. ‘ಲಗೂನ ಬಾ’ ಎಂಬುದನ್ನು ಹಳ್ಳಿಯ ಒರಟು ಮಾತೆಂದು ಭಾವಿಸುವವರು ಅದರ ವಂಶಾವಳಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಜೀವದಿಂದ ಬಂದದ್ದು ‘ಕ್ವಿಕ್’. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಬದುಕಿರುವ ಎಂದರ್ಥ, ಸಂಸ್ಕೃತದ ‘ಜೀವ’ಕ್ಕೂ ಅದಕ್ಕೂ ಮೂಲ ಒಂದೇ. ಪಾದರಸವನ್ನು ಇಂಗ್ಲಿಷರು ‘ಕ್ವಿಕ್ ಸಿಲ್ವರ್’ ಎಂದದ್ದು ಅದು ಜೀವವಿರುವ ಬೆಳ್ಳಿಯೆಂದು. ಕನ್ನಡದಲ್ಲಿ ಪದದ ಇತಿಹಾಸವಿಲ್ಲದೆಯೇ, ಚುರುಕಾದವರನ್ನು ಪಾದರಸಕ್ಕೆ ಹೋಲಿಸುತ್ತಾರೆ.

ಕನ್ನಡ–ತೆಲುಗುಗಳು ಕೈಹಿಡಿದು ನಡೆಯುವುದು ಜೊತೆಯ ಪದಗಳಲ್ಲಿ. ಕನ್ನಡದ ‘ಒಡನೆ’ ಎಂದರೆ ಜೊತೆಗೆ, ಮತ್ತು ತಕ್ಷಣ. ‘ಕೂಡಲೇ’ ಎಂಬುದು ‘ಕೂಡು’ವಿನಿಂದ, ಅಂದರೆ ಸೇರುವುದರಿಂದ. ತೆಲುಗಿನ ‘ವೆಂಟನೇ’ ಎಂದರೆ ತಕ್ಷಣ. ‘ವೆಂಟ’ ಎಂದರೆ ಜೊತೆಗೆ, ಹಿಂದೆಯೇ. ಪದಗಳು ಬೇರೆ ಬೇರೆ, ಆದರೆ ಕಾಲವನ್ನು ಕಲ್ಪಿಸಿಕೊಂಡ ಬಗೆ ಒಂದೇ: ಒಂದು ಘಟನೆಗೆ ಇನ್ನೊಂದು ಒಡನಾಡಿಯಾಗಿ ಬಂದರೆ ನಡುವೆ ಹೊತ್ತು ಉಳಿಯುವುದಿಲ್ಲ. ‘ತೊಂದರೆ’ ರೂಪದಲ್ಲಿ ಒಂದಾಗಿ ಅರ್ಥದಲ್ಲಿ ಬೇರೆಯಾದರೆ, ಇಲ್ಲಿ ರೂಪ ಬೇರೆಯಾಗಿ ಅರ್ಥದ ದಾರಿ ಒಂದಾಗಿದೆ. ನೆರೆಭಾಷೆಗಳ ಸಂಬಂಧವನ್ನು ಎರವಲು ಪದಗಳ ಎಣಿಕೆಯಿಂದ ಮಾತ್ರ ಅಳೆಯುವ ಕ್ರಮಕ್ಕೆ ಈ ಎರಡನೆಯ ಬಗೆಯ ನಂಟು ಕಾಣಿಸುವುದೇ ಇಲ್ಲ, ಅದು ಆ ಕ್ರಮದ ದೊಡ್ಡ ಕೊರತೆ.

‘ವೇಗ’ವೂ ಆರಂಭದಿಂದ ಅಳತೆಯ ಪದವಲ್ಲ. ಅದರ ಧಾತು ‘ವಿಜ್’, ಎಂದರೆ ನಡುಗು, ಅದುರು, ಚಿಮ್ಮು. ‘ಉದ್ವೇಗ’ದಲ್ಲಿ ಆ ನಡುಕ ಇನ್ನೂ ಉಳಿದಿದೆ. ಆಯುರ್ವೇದದಲ್ಲಿ ಸೀನು, ಆಕಳಿಕೆ, ಮಲಮೂತ್ರಗಳ ಒತ್ತರವನ್ನು ‘ವೇಗ’ವೆಂದೇ ಕರೆಯುತ್ತಾರೆ, ಅವನ್ನು ತಡೆಯಬಾರದೆನ್ನುತ್ತಾರೆ. ವನ ಬನವಾದಂತೆ, ವರ್ಣ ಬಣ್ಣವಾದಂತೆ, ವೇಗ ಕನ್ನಡದಲ್ಲಿ ‘ಬೇಗ’ವಾಗಿ ‘ಬೇಗ ಏಳು’ ಎಂಬಲ್ಲಿ ಮುಂಚಿತವಾಗಿ ಎಂಬ ಅರ್ಥವನ್ನೂ ಗಳಿಸಿತು. ಬೇಗ ಎದ್ದವನು ನಿಧಾನವಾಗಿಯೇ ಎದ್ದಿರಬಹುದು.

ಅಳತೆ ಬಂದದ್ದು ಭೌತವಿಜ್ಞಾನದ ಪಠ್ಯಪುಸ್ತಕದೊಡನೆ. ದಿಕ್ಕನ್ನು ಲೆಕ್ಕಿಸದ ‘ಸ್ಪೀಡ್’, ದಿಕ್ಕನ್ನೂ ಲೆಕ್ಕಿಸುವ ‘ವೆಲಾಸಿಟಿ’ ಎಂಬ ಎರಡು ಪರಿಕಲ್ಪನೆಗಳಿಗೆ ಪ್ರತಿಯೊಂದು ಭಾಷೆಯೂ ಎರಡು ಪದ ಹುಡುಕಬೇಕಾಯಿತು. ಎರಡನೆಯದಕ್ಕೆ ಕನ್ನಡ, ತೆಲುಗು, ಮರಾಠಿ, ಹಿಂದಿ ನಾಲ್ಕೂ ‘ವೇಗ’ವನ್ನೇ ಹಿಡಿದವು. ಮೊದಲನೆಯದಕ್ಕೆ ಬೇರೆಯಾದವು: ಕನ್ನಡ ಪಠ್ಯದಲ್ಲಿ ‘ಜವ’, ತೆಲುಗು ಪಠ್ಯದಲ್ಲಿ ‘ವಡಿ’, ಮರಾಠಿ–ಹಿಂದಿಗಳಲ್ಲಿ ನಡಿಗೆ ಎಂಬರ್ಥದ ‘ಚಾಲ್’. ‘ಜವ’ ಶುದ್ಧ ಸಂಸ್ಕೃತ, ವೇಗವೆಂಬರ್ಥದಲ್ಲಿ ಹಳೆಯದೂ ಹೌದು. ಆದರೆ ಕನ್ನಡದಲ್ಲಿ ‘ಯಮ’ನ ತದ್ಭವವೂ ‘ಜವ’ನೇ ಆಗಿರುವುದರಿಂದ ಹೆದ್ದಾರಿಯ ಬದಿಯಲ್ಲಿ ಈ ಪದ ನೆನಪಾದರೆ ಬೇರೆ ಎಚ್ಚರಿಕೆಯ ಫಲಕ ಬೇಕಿಲ್ಲ. ತಮಾಷೆ ಅತ್ತ ಇರಲಿ, ಜಹೀರಾಬಾದಿನ ಮೂಲಕ ಹಾಯುವ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಫಲಕಗಳಿಗೂ ಭಾಷಾಂತರದ ಸಮಸ್ಯೆ ಇದೆ. ‘ಅತಿವೇಗಂ ಪ್ರಮಾದಕರಂ’ ಎಂಬ ತೆಲುಗು ಎಚ್ಚರಿಕೆಯಲ್ಲಿ ‘ಪ್ರಮಾದಂ’ ಎಂದರೆ ಅಪಾಯ, ಅಪಘಾತ. ಕನ್ನಡದಲ್ಲಿ ‘ಪ್ರಮಾದ’ ತಪ್ಪು. ಕನ್ನಡಿಗನಿಗೆ ಅದು ಅತಿವೇಗ ತಪ್ಪೆಂದು ಬುದ್ಧಿ ಹೇಳಿದರೆ, ತೆಲುಗರಿಗೆ ಜೀವಕ್ಕೆ ಕುತ್ತೆಂದು ಹೇಳುತ್ತದೆ.

ಇಂಗ್ಲಿಷಿನ ‘ಸ್ಪೀಡ್’ ಈ ಸೀಮೆಗೆ ಬಂದಾಗ ತನ್ನ ಹಳೆಯ ಅರ್ಥವನ್ನು ಊರಲ್ಲೇ ಬಿಟ್ಟು ಬಂದಿತ್ತು. ವಾಡಿ–ಸಿಕಂದರಾಬಾದ್ ರೈಲುಮಾರ್ಗ 1874ರಲ್ಲಿ ತೆರೆದು ತಾಂಡೂರಿನ ಮೂಲಕ ಹಾದಿತು. ಜಹೀರಾಬಾದ್ ವಿಕಾರಾಬಾದ್–ಬೀದರ್ ಮಾರ್ಗದ ಮೇಲಿದೆ. ನಾರಾಯಣಖೇಡದಲ್ಲಿ ರೈಲು ನಿಲ್ದಾಣವಿಲ್ಲ. ‘ಸ್ಪೀಡು’ ಇಂದು ಮೂರು ಊರುಗಳಲ್ಲೂ ಆಡುಮಾತು. ಕನ್ನಡದಲ್ಲಿ ‘ಹುಡುಗ ಬಹಳ ಸ್ಪೀಡಿದ್ದಾನೆ’ ಎಂದರೆ ಅವನು ಓಡುತ್ತಾನೆ ಎಂದಲ್ಲ. ಚಾಲೂಕು, ಮುಂದೆ ಬರುವವನು, ಕೆಲಸ ಸಾಧಿಸಿಕೊಳ್ಳುವವನು ಎಂದು. ಸಾವಿರ ವರ್ಷಗಳ ಹಿಂದಿನ ‘ಸ್ಪೇಡಿಗ್’ನ ಆಸುಪಾಸಿಗೆ ಪದ ತಾನಾಗಿಯೇ ಮರಳಿದೆ. ಇದು ಆಕಸ್ಮಿಕವೇ ಸರಿ, ಆದರೆ ಯಶಸ್ಸಿಗೂ ವೇಗಕ್ಕೂ ನಡುವಣ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆಂಬುದಕ್ಕೆ ಸಾಕ್ಷಿ.

ಇಷ್ಟರಿಂದ ಗಡಿಯ ಕನ್ನಡದ ಪ್ರಶ್ನೆಗೆ ಬೆಳಕು ಬೀಳುತ್ತದೆ. 1956ರ ಬಳಿಕ ನಾರಾಯಣಖೇಡದ ಕನ್ನಡಿಗರಿಗೆ ಅರ್ಜಿ, ನೋಟಿಸು, ಪಹಣಿ, ಫಲಕಗಳೆಲ್ಲ ತೆಲುಗಿನಲ್ಲಿ ಬರತೊಡಗಿದವು. ಅದೇ ವರ್ಷದ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350-ಎ, 350-ಬಿ ವಿಧಿಗಳನ್ನು ಸೇರಿಸಿತು. ಒಂದು ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ, ಇನ್ನೊಂದು ಅಲ್ಪಸಂಖ್ಯಾತ ಭಾಷೆಗಳಿಗೆ ವಿಶೇಷಾಧಿಕಾರಿ. ಶಾಲೆ, ಪುಸ್ತಕ, ಶಿಕ್ಷಕರ ಕುರಿತ ಚರ್ಚೆ ಈ ವಿಧಿಗಳ ಸುತ್ತ ಸಾಕಷ್ಟು ನಡೆದಿದೆ, ನಡೆಯಬೇಕಾದದ್ದೂ ಇದೆ. ಪದಗಳೊಳಗಿನ ಕಷ್ಟ ಆ ಚರ್ಚೆಗೆ ಬರುವುದಿಲ್ಲ. ತೆಲುಗಿನ ‘ಬಡಿ’ ಶಾಲೆಯೆಂದು ಕನ್ನಡದ ಮಗು ಒಂದೇ ದಿನದಲ್ಲಿ ಕಲಿಯುತ್ತದೆ, ಏಕೆಂದರೆ ಶಾಲೆಯಲ್ಲಿ ಕೇಳಿದ ‘ಬಡಿ’ ತನ್ನ ಮನೆಯ ‘ಬಡಿ’ಯಲ್ಲವೆಂಬುದು ಕೂಡಲೇ ಗೊತ್ತಾಗುತ್ತದೆ. ‘ಅವಸರಂ’ ಹಾಗಲ್ಲ. ‘ಈ ಪತ್ರಾಲು ಅವಸರಂ’ ಎಂದು ಕಚೇರಿಯ ಸೂಚನೆಯಲ್ಲಿ ಬರೆದಿದ್ದರೆ, ಈ ಕಾಗದಗಳು ಬೇಕೆಂದು ಹೇಳಿದ್ದನ್ನು ಈ ಕಾಗದಗಳು ತುರ್ತೆಂದು ಓದಿಕೊಳ್ಳಬಹುದು, ಓದಿಕೊಂಡದ್ದು ತಪ್ಪೆಂದು ತಿಳಿಯುವ ಯಾವ ಗುರುತೂ ವಾಕ್ಯದಲ್ಲಿರುವುದಿಲ್ಲ. ಅಪರಿಚಿತ ಪದ ಕೇಳಿ ತಿಳಿದುಕೊಳ್ಳುವಂತೆ ಮಾಡುತ್ತದೆ. ಪರಿಚಿತವೆನಿಸುವ ಪದ ಕೇಳುವುದನ್ನೇ ತಡೆಯುತ್ತದೆ.

ಇದರ ಇನ್ನೊಂದು ಮಗ್ಗುಲು ಕನ್ನಡದ ಕಡೆಯಿಂದ ಬರುವ ತೀರ್ಪು. ಎರಡು ಭಾಷೆಗಳ ನಡುವೆ ಬೆಳೆದ ಮಗುವೊಂದು ಕನ್ನಡದ ಉತ್ತರಪತ್ರಿಕೆಯಲ್ಲಿ ‘ತೊಂದರೆಯಿಂದ ಓಡಿ ಬಂದನು’ ಎಂದು ಆತುರದ ಅರ್ಥದಲ್ಲಿ ಬರೆದರೆ ಕೆಂಪು ಶಾಯಿಯ ಗೆರೆ ಬೀಳುವುದು ಖಚಿತ. ಪರೀಕ್ಷೆಯ ಮಟ್ಟಿಗೆ ಆ ಗೆರೆ ಸರಿ. ಪ್ರಮಾಣ ಕನ್ನಡವನ್ನು ಕಲಿಸುವುದು ಶಾಲೆಯ ಕೆಲಸ, ಅದನ್ನು ಮಗುವಿಗೆ ನಿರಾಕರಿಸುವುದು ದೊಡ್ಡ ಅನ್ಯಾಯವಾದೀತು. ಆದರೆ ಗೆರೆ ಎಳೆಯುವವರು ಅದನ್ನು ಅಜ್ಞಾನವೆಂದು ವಿವರಿಸಬೇಕೇ, ನೆರೆಯ ಅರ್ಥವೆಂದು ವಿವರಿಸಬೇಕೇ ಎಂಬುದು ಬೇರೆ ಪ್ರಶ್ನೆ. ಕಲಹ ಇಂಗ್ಲಿಷಿನಲ್ಲಿ ಆತುರವಾದದ್ದನ್ನು ಅರ್ಥವಿಕಾಸವೆಂದು ವಿಶ್ವವಿದ್ಯಾಲಯದಲ್ಲಿ ಕಲಿಸಿ, ತೊಂದರೆ ನಾರಾಯಣಖೇಡದಲ್ಲಿ ಆತುರವಾದರೆ ಅಪಭ್ರಷ್ಟವೆನ್ನುವುದಕ್ಕೆ ಭಾಷಾಶಾಸ್ತ್ರದಲ್ಲಿ ಆಧಾರವಿಲ್ಲ.

ನಿಘಂಟುಗಳ ಹೊಣೆಯೂ ಇಲ್ಲಿದೆ. ಮಂಗಳೂರಿನ ಬಾಸೆಲ್ ಮಿಶನ್ 1894ರಲ್ಲಿ ಪ್ರಕಟಿಸಿದ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು ತನ್ನ ಕಾಲಕ್ಕೆ ಆಡುಮಾತಿಗೂ ಗಾದೆಗಳಿಗೂ ಉದಾರವಾಗಿ ಜಾಗ ಕೊಟ್ಟಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು 1970ರಿಂದ 1995ರ ವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದಾಗ ಅದರ ಮುಖ್ಯ ಆಕರ ಶಾಸನಗಳು ಮತ್ತು ಸಾಹಿತ್ಯಕೃತಿಗಳು. ಚಾರಿತ್ರಿಕ ನಿಘಂಟಿಗೆ ಅದು ಸಹಜ ಕ್ರಮ. ಆದರೆ 1956ರ ಗೆರೆಯಾಚೆಗೆ ಉಳಿದ ಕನ್ನಡ ಬರವಣಿಗೆಗೆ ಬಂದದ್ದು ಬಹಳ ಕಡಿಮೆ, ಆದ್ದರಿಂದ ಆಕರವಾಗುವ ಅವಕಾಶವೂ ಅದಕ್ಕೆ ಕಡಿಮೆ. ‘ತೊಂದರೆ’, ‘ಅವಸರ’, ‘ಗಡಬಡಿ’, ‘ಜರೂರು’, ‘ಪ್ರಮಾದ’ ಇಂತಹ ಕೆಲವೇ ನಮೂದುಗಳನ್ನು ಆಯ್ದುಕೊಂಡು, ನಾರಾಯಣಖೇಡ್, ನ್ಯಾಲಕಲ್, ಜಹೀರಾಬಾದ್, ತಾಂಡೂರುಗಳಲ್ಲಿ ವಯಸ್ಸು, ಓದಿದ ಮಾಧ್ಯಮ, ಮನೆಮಾತುಗಳನ್ನು ಗುರುತಿಸಿಕೊಳ್ಳುತ್ತ, ಗೆರೆಯ ಈಚೆಗಿನ ನಿರ್ಣಾದ ಬಳಕೆಯನ್ನು ಪಕ್ಕದಲ್ಲಿಟ್ಟು ದಾಖಲಿಸುವುದು ದೊಡ್ಡ ಯೋಜನೆಯನ್ನೇನೂ ಬೇಡುವುದಿಲ್ಲ. ಎರಡು ಮೂರು ಹಂಗಾಮುಗಳ ಕ್ಷೇತ್ರಕಾರ್ಯ ಸಾಕು. ಗೆರೆ ಎಳೆಯುವ ಮೊದಲು ಬೀದರ್, ಗುಲಬರ್ಗಾ ಜಿಲ್ಲೆಗಳ ಶಾಲೆಯಲ್ಲಿ ಓದಿದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ.